ವಾರ್ಡಿನ ಪಾಠಕ್ಕೂ ಡ್ಯೂಟಿ ಪಟ್ಟಿಯಲ್ಲಿ ಜಾಗ ಕೊಡಿ: ಬೋಧನಾ ಆಸ್ಪತ್ರೆಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಡೀನ್‌ಗಳೇ, ವೈದ್ಯಕೀಯ ಅಧೀಕ್ಷಕರೇ, ಮೆಡಿಸಿನ್ ವಿಭಾಗಗಳ ಮುಖ್ಯಸ್ಥರೇ,

ನಿಮ್ಮ ಮೆಡಿಸಿನ್ ವಾರ್ಡಿನ ಈ ತಿಂಗಳ ಡ್ಯೂಟಿ ಪಟ್ಟಿಯನ್ನು ಒಮ್ಮೆ ತರಿಸಿಕೊಂಡು ನೋಡಿ. ಹಗಲಿಗೆ ಯಾರು, ರಾತ್ರಿಗೆ ಯಾರು, ತುರ್ತು ಕರೆ ಬಂದರೆ ಓಡಬೇಕಾದವರು ಯಾರು, ಯಾರ ರಜೆಗೆ ಯಾರು ಬದಲಿ ಎಂಬುದೆಲ್ಲ ಅದರಲ್ಲಿರುತ್ತದೆ. ಪಾಠ ಮಾತ್ರ ಇರುವುದಿಲ್ಲ. ಕಿರಿಯ ವೈದ್ಯರನ್ನು ತಯಾರು ಮಾಡುವುದೇ ನಮ್ಮ ಮುಖ್ಯ ಕಸುಬು ಎಂದು ನಾವೆಲ್ಲ ಸಭೆಗಳಲ್ಲಿ ಹೇಳಿಕೊಳ್ಳುತ್ತೇವೆ. ಆ ಕಸುಬಿಗೆ ಪಟ್ಟಿಯಲ್ಲಿ ಅರ್ಧ ಗಂಟೆಯೂ ಮೀಸಲಿಲ್ಲ. ಕೇಳಿದರೆ, ಬಿಡುವಾದಾಗ ಕಲಿಸಿ ಎನ್ನುತ್ತೀರಿ. ವಾರ್ಡಿನಲ್ಲಿ ಬಿಡುವಾಗುವುದು ಯಾವಾಗ ಎಂದು ಹೇಳುವವರಿಲ್ಲ.

ನಾನು ಒಳರೋಗಿಗಳನ್ನಷ್ಟೇ ನೋಡಿಕೊಳ್ಳುವ ವೈದ್ಯೆ. ಹೊರರೋಗಿಗಳ ಕ್ಲಿನಿಕ್ ಇಲ್ಲ, ಒಂದೇ ಅಂಗಕ್ಕೆ ಸೀಮಿತವಾದ ಸ್ಪೆಷಾಲಿಟಿಯೂ ಇಲ್ಲ. ದಾಖಲಾದ ರೋಗಿ ಮನೆಗೆ ಹೋಗುವ ತನಕ ಅವರ ಇಡೀ ಹೊಣೆ ನನ್ನದು. ಇಂಥವರನ್ನು ಹಾಸ್ಪಿಟಲಿಸ್ಟ್ ಎಂದು ಕರೆಯುವ ರೂಢಿ ಶುರುವಾದದ್ದು 1996ರಲ್ಲಿ, ರಾಬರ್ಟ್ ವಾಕ್ಟರ್ ಮತ್ತು ಲೀ ಗೋಲ್ಡ್‌ಮನ್ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದ ಲೇಖನದಿಂದ. ಇಪ್ಪತ್ತೇ ವರ್ಷಗಳಲ್ಲಿ ಅಮೆರಿಕದಲ್ಲಿ ಇವರ ಸಂಖ್ಯೆ 50,000 ಮುಟ್ಟಿತು. ಬೇರೆ ಕಡೆ ಹೆಸರು ಬೇರೆ ಇದ್ದೀತು, ಕೆಲಸ ಹೆಚ್ಚುಕಡಿಮೆ ಅದೇ. ಇಡೀ ದಿನ ವಾರ್ಡಿನಲ್ಲೇ ಇರುವವರು ನಾವಾದ್ದರಿಂದ, ತರಬೇತಿಯಲ್ಲಿರುವ ಕಿರಿಯ ವೈದ್ಯರಾದ ಇಂಟರ್ನ್‌ಗಳಿಗೂ ರೆಸಿಡೆಂಟ್‌ಗಳಿಗೂ ಕಲಿಸುವ ಕೆಲಸ ತಾನಾಗಿಯೇ ನಮ್ಮ ಪಾಲಿಗೆ ಬಂತು. ಅದರ ಬಗ್ಗೆ ನನಗೆ ತಕರಾರಿಲ್ಲ. ಈ ವೃತ್ತಿಯಲ್ಲಿ ನನ್ನನ್ನು ಉಳಿಸಿರುವುದೇ ಆ ಕೆಲಸ. ಅದನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ ಎಂಬುದಷ್ಟೇ ನನ್ನ ತಕರಾರು.

ಪಾಠದ ಹೊತ್ತು ಕರಗಿದ್ದು ಯಾರದೋ ಕೆಟ್ಟ ಉದ್ದೇಶದಿಂದ ಅಲ್ಲ. ನೂರು ವರ್ಷಕ್ಕೂ ಹಿಂದೆ ವೈದ್ಯ ವಿಲಿಯಂ ಆಸ್ಲರ್ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿದ್ಯಾರ್ಥಿಗಳನ್ನು ಉಪನ್ಯಾಸದ ಕೋಣೆಯಿಂದ ರೋಗಿಯ ಹಾಸಿಗೆಯ ಬಳಿಗೆ ಕರೆತಂದ ಕಾಲದಲ್ಲಿ ರೋಗಿಗಳು ವಾರಗಟ್ಟಲೆ ವಾರ್ಡಿನಲ್ಲಿ ಇರುತ್ತಿದ್ದರು. ಇಂದು ಕಂಡ ಜ್ವರದ ಏರಿಳಿತವನ್ನು ನಾಳೆಯೂ ನಾಡಿದ್ದೂ ನೋಡಬಹುದಿತ್ತು. ಈಗ ರೋಗಿ ದಾಖಲಾದ ದಿನವೇ ಡಿಸ್ಚಾರ್ಜ್ ಯಾವಾಗ ಎಂಬ ಪ್ರಶ್ನೆ ಏಳುತ್ತದೆ. ಇದರ ಜತೆಗೆ ಕಿರಿಯ ವೈದ್ಯರ ದುಡಿಮೆಯ ಅವಧಿಗೆ ಮಿತಿ ಬಂತು, ಬರಲೇಬೇಕಿತ್ತು. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವರ್ಷದ ಯುವತಿಯೊಬ್ಬಳು ತೀರಿಕೊಂಡಾಗ, ಹಗಲಿರುಳು ದುಡಿಯುವ ರೆಸಿಡೆಂಟ್‌ಗಳ ದಣಿವೂ ಅವರ ಮೇಲೆ ಹಿರಿಯರ ನಿಗಾ ಇಲ್ಲದಿರುವುದೂ ಸಾರ್ವಜನಿಕ ಚರ್ಚೆಗೆ ಬಂದವು. 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಗಳ ಮಿತಿ ಹಾಕಿತು. 2003ರಲ್ಲಿ ಅದೇ ಮಿತಿ ಅಮೆರಿಕದ ಎಲ್ಲ ತರಬೇತಿ ಕಾರ್ಯಕ್ರಮಗಳಿಗೂ ಅನ್ವಯವಾಯಿತು. ಯೂರೋಪಿನಲ್ಲಂತೂ ಮಿತಿ 48 ಗಂಟೆ. ಇದನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ನಾವು ಇಡೀ ರಾತ್ರಿ ನಿದ್ದೆಗೆಟ್ಟು ಕಲಿತೆವು, ಇವರಿಗೇನು ಧಾಡಿ ಎನ್ನುವ ಹಿರಿಯರ ಮಾತು ನನಗೆ ಹಿಡಿಸುವುದೂ ಇಲ್ಲ. ಗಂಟೆಗಳು ಕಡಿಮೆಯಾದಾಗ ಕೆಲಸವನ್ನು ಬೇರೆಯವರಿಗೆ ಹಂಚಲು ಎಲ್ಲ ಕಡೆ ಏನಾದರೂ ಏರ್ಪಾಡಾಯಿತು. ಪಾಠಕ್ಕೆ ಅಂಥ ಏರ್ಪಾಡು ಯಾವುದೂ ಆಗಲಿಲ್ಲ ಎಂಬುದಷ್ಟೇ ನನ್ನ ಮಾತು.

ಫಲ ಏನಾಗಿದೆ ನೋಡಿ. ಅಮೆರಿಕದ ಇಂಟರ್ನ್‌ಗಳ ಬೆನ್ನಿಗೇ ನಿಂತು, ಅವರ ಕೆಲಸದ ಪ್ರತಿ ಹೊತ್ತನ್ನೂ ಗುರುತು ಹಾಕಿಕೊಂಡು ಮಾಡಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅವರ ದಿನದ ಶೇ 66ರಷ್ಟು ಹೊತ್ತು ಹೋಗುವುದು ರೋಗಿಯಿಂದ ದೂರದಲ್ಲಿ ಮಾಡುವ ಕೆಲಸಗಳಿಗೆ: ಕಂಪ್ಯೂಟರಿನಲ್ಲಿ ದಾಖಲೆ ಓದುವುದು, ಟಿಪ್ಪಣಿ ಬರೆಯುವುದು, ಫೋನು, ಮಾತುಕತೆ. ರೋಗಿಯ ಬಳಿ ಕಳೆಯುವುದು ಶೇ 13. ಪಾಠಕ್ಕೆಂದು ಸಿಗುವುದು ಶೇ 7. ನಿಮ್ಮಲ್ಲಿ ಈ ಅಂಕಿಗಳು ಬೇರೆ ಇರಬಹುದು. ಬೇರೆ ಇವೆ ಎನ್ನುವ ಭರವಸೆಯಿದ್ದರೆ ಒಂದು ವಾರ ಅಳೆದು ನೋಡಿ.

ಪಾಠ ಎಂದರೆ ಪ್ರೊಜೆಕ್ಟರ್ ಹಾಕಿ ಮಾಡುವ ಮಧ್ಯಾಹ್ನದ ಕ್ಲಾಸ್ ಎಂದುಕೊಂಡರೆ ಈ ಪತ್ರ ಅರ್ಥವಾಗುವುದಿಲ್ಲ. ನಾನು ಹೇಳುತ್ತಿರುವುದು ರೌಂಡ್ಸ್ ನಡುವೆ ನಡೆಯುವ ಪಾಠದ ಬಗ್ಗೆ. ಅದನ್ನು ಹತ್ತಿರದಿಂದ ನೋಡಿದ ಆಡಳಿತಗಾರರು ಕಡಿಮೆ, ಹಾಗಾಗಿ ತುಸು ವಿವರವಾಗಿಯೇ ಹೇಳುತ್ತೇನೆ.

ರಾತ್ರಿ ದಾಖಲಾದ ಹಿರಿಯ ಮಹಿಳೆಯೊಬ್ಬರಿಗೆ ಉಬ್ಬಸ, ಎರಡೂ ಕಾಲಿನಲ್ಲಿ ಊತ. ಇಂಟರ್ನ್ ಕೇಸ್ ಹೇಳಿ ಮುಗಿಸಿ, ಈಗ ಮೇಡಂ ಏನಾದರೂ ಹೇಳುತ್ತಾರೆ ಎಂದು ಸುಮ್ಮನಾಗುತ್ತಾನೆ. ಇಲ್ಲಿ ಹೇಳಿಬಿಡುವುದು ಬಹಳ ಸುಲಭ, ಅರ್ಧ ನಿಮಿಷ ಸಾಕು. ಕಲಿಸುವವಳು ಹಾಗೆ ಮಾಡದೆ, "ನಿನಗೇನನ್ನಿಸುತ್ತೆ?" ಎನ್ನುತ್ತಾಳೆ. "ಹಾರ್ಟ್ ಫೇಲ್ಯೂರ್ ಇರಬಹುದು ಮೇಡಂ." "ಇರಬಹುದು ಅನ್ನೋದು ಬೇಡ, ಒಂದು ಕಡೆ ನಿಲ್ಲು. ಯಾಕೆ ಹಾಗನ್ನಿಸ್ತು?" ಕಾಲಿನ ಊತ ಎನ್ನುತ್ತಾನೆ. ಕಿಡ್ನಿ ಕೆಟ್ಟರೂ ಕಾಲು ಊದುತ್ತದೆ, ಲಿವರ್ ಕೆಟ್ಟರೂ ಊದುತ್ತದೆ. ಕುತ್ತಿಗೆಯ ರಕ್ತನಾಳ ನೋಡಿದೆಯಾ ಎಂದರೆ ಉತ್ತರವಿಲ್ಲ. ಆಗ ಎಲ್ಲರೂ ಹಾಸಿಗೆಯ ಬಳಿ ಹೋಗುತ್ತಾರೆ. ರೋಗಿಗೆ ನಮಸ್ಕಾರ ಹೇಳಿ, ಅಮ್ಮಾ, ಈ ಹುಡುಗನಿಗೆ ಒಂದು ವಿಷಯ ತೋರಿಸಬೇಕು, ನಿಮ್ಮ ಅಡ್ಡಿಯಿಲ್ಲ ತಾನೇ ಎಂದು ಕೇಳಿ, ಹಾಸಿಗೆಯ ತಲೆಭಾಗವನ್ನು 45 ಡಿಗ್ರಿಯಷ್ಟು ಎತ್ತುತ್ತಾರೆ. ಮುಖವನ್ನು ಎಡಕ್ಕೆ ಸ್ವಲ್ಪ ತಿರುಗಿಸಿ, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟಾಗ ಕುತ್ತಿಗೆಯ ಬಲಬದಿಯಲ್ಲಿ ನಾಡಿಯೊಂದು ಎರಡೆರಡು ಅಲೆಯಾಗಿ ಮಿಡಿಯುವುದು ಕಾಣುತ್ತದೆ. ಬೆರಳಿಟ್ಟರೆ ಮಿಡಿತ ಕೈಗೆ ಸಿಗುವುದಿಲ್ಲ. ಅದು ಅಪಧಮನಿಯಲ್ಲ, ಅಭಿಧಮನಿ ಎಂಬುದಕ್ಕೆ ಅದೇ ಗುರುತು. ಎದೆಮೂಳೆಯ ಉಬ್ಬಿನಿಂದ ಮೇಲಕ್ಕೆ ಎಷ್ಟು ಸೆಂಟಿಮೀಟರ್ ಎಂದು ಅಳೆಯಲು ಅವನಿಗೇ ಸ್ಕೇಲ್ ಕೊಡುತ್ತಾರೆ. ಮೂರ್ನಾಲ್ಕು ಸೆಂಟಿಮೀಟರ್ ಮೀರಿದ್ದರೆ ಹೃದಯದ ಬಲಭಾಗದಲ್ಲಿ ಒತ್ತಡ ಏರಿದೆ ಎಂದು ಲೆಕ್ಕ. ಇದೊಂದು ನಿಯಮ ನೆನಪಿಟ್ಟುಕೋ ಎನ್ನುತ್ತಾರೆ. ಔಷಧಿಯ ಪಟ್ಟಿಯನ್ನು ನೀನು ಚೆನ್ನಾಗಿ ಕೇಳಿ ಬರೆದಿದ್ದೀಯ, ನೋವಿನ ಮಾತ್ರೆ ನುಂಗುತ್ತಿದ್ದರು ಎಂದು ಹಿಡಿದದ್ದು ನೀನೇ, ಅದರಿಂದಲೇ ನೀರು ತುಂಬಿಕೊಂಡಿರಬಹುದು ಎನ್ನುತ್ತಾರೆ. ಕುತ್ತಿಗೆ ನೋಡದೆ ಇನ್ನು ಮುಂದೆ ಈ ರೋಗನಿರ್ಣಯ ಬರೆಯಬೇಡ ಎಂದೂ ಹೇಳುತ್ತಾರೆ.

ಒಟ್ಟು ಏಳೆಂಟು ನಿಮಿಷ. ಇದರಲ್ಲಿ ಪವಾಡ ಏನೂ ಇಲ್ಲ. ಒಂದು ನಿಲುವಿಗೆ ಬರುವಂತೆ ಮಾಡು, ಆಧಾರ ಕೇಳು, ಒಂದೇ ಒಂದು ನಿಯಮ ಕಲಿಸು, ಸರಿ ಮಾಡಿದ್ದನ್ನು ಹೆಸರಿಟ್ಟು ಹೇಳು, ತಪ್ಪನ್ನು ತಿದ್ದು ಎಂಬ ಈ ಐದು ಹೆಜ್ಜೆಗಳ ಕ್ರಮ 1992ರಿಂದ ವೈದ್ಯಶಿಕ್ಷಣದವರಿಗೆಲ್ಲ ಗೊತ್ತಿರುವಂಥದ್ದು. ಎರಡು ಗಂಟೆಯ ಕಾರ್ಯಾಗಾರದಲ್ಲಿ ಯಾರಿಗೆ ಬೇಕಾದರೂ ಕಲಿಸಬಹುದು. ಆದರೆ ಏಳೆಂಟು ನಿಮಿಷ ಬೇಕು. ಇಪ್ಪತ್ತು ರೋಗಿಗಳಿರುವ ತಂಡಕ್ಕೆ, ಮಧ್ಯಾಹ್ನ 12ರೊಳಗೆ ಡಿಸ್ಚಾರ್ಜ್ ಮುಗಿಸಬೇಕೆಂಬ ಗುರಿ ಕೊಟ್ಟ ಮೇಲೆ, ಆ ನಿಮಿಷಗಳನ್ನು ಎಲ್ಲಿಂದ ತರುವುದು? ಸಹಜವಾಗಿಯೇ ರೌಂಡ್ಸ್ ಹಾಸಿಗೆ ಬಿಟ್ಟು ಕಾರಿಡಾರಿಗೆ ಬರುತ್ತದೆ, ಕಾರಿಡಾರಿನಿಂದ ಕಂಪ್ಯೂಟರ್ ಇರುವ ಕೋಣೆಗೆ ಹೋಗುತ್ತದೆ. ಪೊಟ್ಯಾಶಿಯಂ ಎಷ್ಟು, ಸ್ಕ್ಯಾನ್ ಆಯಿತಾ, ಹಾಸಿಗೆ ಖಾಲಿ ಯಾವಾಗ. ಎಲ್ಲವೂ ಬೇಕಾದ ಪ್ರಶ್ನೆಗಳೇ, ಆದರೆ ಕುತ್ತಿಗೆಯ ನಾಳ ನೋಡಲು ಅಲ್ಲಿ ಯಾರೂ ಕಲಿಯುವುದಿಲ್ಲ.

ಹಾಸಿಗೆಯ ಬಳಿ ಎಲ್ಲವನ್ನೂ ಮಾತಾಡಿದರೆ ರೋಗಿಗೆ ಕಿರಿಕಿರಿ ಎಂಬ ಆಕ್ಷೇಪ ಇದೆ, ಅದರಲ್ಲಿ ಸತ್ಯವೂ ಇದೆ. ಸ್ವಿಟ್ಜರ್ಲೆಂಡಿನ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಾಸಿಗೆಯ ಬಳಿಯೇ ಕೇಸ್ ಹೇಳಿದಾಗ ವೈದ್ಯರ ಪರಿಭಾಷೆಯಿಂದ ಗೊಂದಲವಾಯಿತು ಎಂದ ರೋಗಿಗಳು ಹೆಚ್ಚಿದ್ದರು. ಅದೇ ಪ್ರಯೋಗದಲ್ಲಿ ಹಾಸಿಗೆಯ ಬಳಿಯ ರೌಂಡ್ಸ್‌ಗೆ ಹಿಡಿದ ಸಮಯ ಕಡಿಮೆ ಎಂಬುದೂ ಕಂಡುಬಂತು. ಅಂದರೆ ಸಮಯ ಹೆಚ್ಚು ತಿನ್ನುತ್ತದೆ ಎಂಬ ನೆಪ ನಿಲ್ಲುವುದಿಲ್ಲ; ರೋಗಿಗೆ ಅರ್ಥವಾಗುವ ಮಾತಿನಲ್ಲಿ ಆಡುವುದನ್ನು ನಾವು ಕಲಿಯಬೇಕು, ಅಷ್ಟೇ. ಬೇಡ ಎನ್ನುವ ರೋಗಿಯನ್ನು ಬಿಟ್ಟುಬಿಡಬೇಕು. ಸೂಕ್ಷ್ಮ ವಿಷಯಗಳನ್ನು ಹೊರಗೇ ಮಾತಾಡಬೇಕು. ಇದು ಕಲಿಸುವವರ ವಿವೇಚನೆಗೆ ಬಿಟ್ಟದ್ದು.

ಇನ್ನು ಪಾಠ ಮಾಡುವ ಅವಕಾಶ ಯಾರಿಗೆ ಸಿಗುತ್ತದೆ ಎಂಬ ಪ್ರಶ್ನೆ. ಇದನ್ನು ಬಾಯಿಬಿಟ್ಟು ಕೇಳಲು ನನ್ನ ಓರಗೆಯವರು ಅಂಜುತ್ತಾರೆ. ದುಡಿಮೆಯ ಮಿತಿ ಬಂದ ಮೇಲೆ ಅನೇಕ ಆಸ್ಪತ್ರೆಗಳು ಮೆಡಿಸಿನ್ ವಾರ್ಡನ್ನು ಎರಡಾಗಿ ಒಡೆದವು. ರೆಸಿಡೆಂಟ್‌ಗಳಿರುವ ಬೋಧನಾ ತಂಡಗಳು ಒಂದು ಕಡೆ. ಕಿರಿಯರು ಯಾರೂ ಇಲ್ಲದೆ ಹಾಸ್ಪಿಟಲಿಸ್ಟ್‌ಗಳೇ ಎಲ್ಲವನ್ನೂ ಮಾಡುವ ತಂಡಗಳು ಇನ್ನೊಂದು ಕಡೆ. ಬೋಧನಾ ತಂಡದ ವಾರಗಳು ಹಿರಿತನದ ಮೇಲೆ ಹಂಚಿಹೋಗುತ್ತವೆ. ವರ್ಷಕ್ಕೆ ಕೆಲವೇ ವಾರ ವಾರ್ಡಿಗೆ ಬರುವ ಪ್ರಾಧ್ಯಾಪಕರಿಗೆ ಅದು ಹಕ್ಕಿನಂತೆ ಸಿಗುತ್ತದೆ. ವರ್ಷವಿಡೀ ವಾರ್ಡಿನಲ್ಲಿರುವ, ಹೊಸದಾಗಿ ಸೇರಿದ, ಕಲಿಸಲು ಹಾತೊರೆಯುವ ವೈದ್ಯೆಗೆ ಉಳಿಯುವುದು ಎರಡನೆಯ ತಂಡ ಮತ್ತು ರಾತ್ರಿ ಪಾಳಿ. ನಾಲ್ಕು ವರ್ಷ ಕಳೆದು ಬಡ್ತಿಯ ಸಮಿತಿಯ ಮುಂದೆ ಅವಳು ಕುಳಿತಾಗ, "ನಿಮ್ಮ ಬೋಧನಾನುಭವ ಏನು?" ಎಂಬ ಪ್ರಶ್ನೆ ಬರುತ್ತದೆ. ಕೊಡದೆ ಇದ್ದದ್ದನ್ನು ಕೇಳುವ ಈ ಪರಿ ನನಗೆ ಸೋಜಿಗ. ಹಿರಿಯರಿಂದ ಕಲಿಯುವುದು ಬಹಳವಿದೆ, ಅವರನ್ನು ಹೊರಗಿಡಿ ಎನ್ನುತ್ತಿಲ್ಲ. ಹೊಸಬರಿಗೂ ಒಂದಿಷ್ಟು ವಾರಗಳನ್ನು ಬರಹದಲ್ಲಿ ಖಾತ್ರಿ ಮಾಡಿ. ಮೊದಲ ವರ್ಷ ಹಿರಿಯರೊಬ್ಬರು ಜತೆಗೆ ನಿಂತು ಅವರು ಕಲಿಸುವುದನ್ನು ನೋಡಿ ಹೇಳಲಿ. ರೋಗಿ ನೋಡುವುದನ್ನು ಹೇಳಿಕೊಟ್ಟಂತೆ ಕಲಿಸುವುದನ್ನೂ ಹೇಳಿಕೊಡಬೇಕಾಗುತ್ತದೆ.

ಸದ್ಯಕ್ಕೆ ಇರುವ ಮೌಲ್ಯಮಾಪನದ ವಿಷಯ ಹೇಳದಿರುವುದೇ ವಾಸಿ. ತಿಂಗಳ ಕೊನೆಯಲ್ಲಿ ಒಂದು ಫಾರಂ ಬರುತ್ತದೆ. ಕಿರಿಯರು ನಮಗೆ ಎಲ್ಲ ಕಡೆ ಐದಕ್ಕೆ ಐದು ಹಾಕುತ್ತಾರೆ, ನಾವು ಅವರಿಗೆ ಐದಕ್ಕೆ ನಾಲ್ಕು ಹಾಕುತ್ತೇವೆ. ಯಾರಿಗೂ ಬೇಸರವಿಲ್ಲ, ಯಾರೂ ಏನೂ ಕಲಿತಿಲ್ಲ.

ನಿಗಾ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದವರೂ ನಿಮ್ಮಲ್ಲಿದ್ದಾರೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಇದನ್ನು ಪರೀಕ್ಷಿಸಿ ನೋಡಿದರು, ಫಲಿತಾಂಶ 2018ರಲ್ಲಿ ಬಂತು. ಹಿರಿಯ ವೈದ್ಯರು ಬೆಳಗಿನ ರೌಂಡ್ಸ್‌ನಲ್ಲಿ ಪೂರ್ತಿ ಜತೆಗಿದ್ದಾಗಲೂ ಇಲ್ಲದಿದ್ದಾಗಲೂ ತಪ್ಪುಗಳ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಹಿರಿಯರಿದ್ದಾಗ ಇಂಟರ್ನ್‌ಗಳು ಮಾತಾಡಿದ್ದು ಕಡಿಮೆ, ರೆಸಿಡೆಂಟ್‌ಗಳಿಗೆ ತಮ್ಮ ಸ್ವಾತಂತ್ರ್ಯ ಕುಗ್ಗಿತು ಅನ್ನಿಸಿತು. ಹಾಗೆಂದು ಅವರ ಪಾಡಿಗೆ ಬಿಟ್ಟುಬಿಡುವುದೂ ಅಲ್ಲ. ಯಾವ ಕೆಲಸವನ್ನು ಯಾರಿಗೆ, ಎಷ್ಟು ನಿಗಾದಲ್ಲಿ ವಹಿಸಬಹುದು ಎಂದು ಒಂದೊಂದಾಗಿ ತೀರ್ಮಾನಿಸುವ ಪದ್ಧತಿಯನ್ನು ನೆದರ್ಲೆಂಡ್ಸಿನ ಓಲೆ ಟೆನ್ ಕಾಟೆ 2005ರಲ್ಲೇ ಮುಂದಿಟ್ಟರು. ಹೊಸ ರೋಗಿಯನ್ನು ದಾಖಲು ಮಾಡಿಕೊಳ್ಳುವುದನ್ನು ಇವನು ಒಬ್ಬನೇ ಮಾಡಬಲ್ಲ. ಸಾವಿನ ಸುದ್ದಿ ಹೇಳುವಾಗ ಜತೆಗೆ ನಾನಿರಬೇಕು. ಹೀಗೆ ನಿರ್ಧರಿಸಬೇಕಾದರೆ ಅವನು ಕೆಲಸ ಮಾಡುವುದನ್ನು ನಾನು ಕಣ್ಣಾರೆ ನೋಡಿರಬೇಕು. ಮತ್ತೆ ಅದೇ ಪ್ರಶ್ನೆ: ಯಾವ ಹೊತ್ತಿನಲ್ಲಿ?

ಕೈಕೆಲಸದ ವಿಷಯದಲ್ಲಿ ಈ ಹೊತ್ತಿನ ಬೆಲೆ ನೇರವಾಗಿ ಕಾಣುತ್ತದೆ. ಒಮ್ಮೆ ನೋಡು, ಒಮ್ಮೆ ಮಾಡು, ಒಮ್ಮೆ ಕಲಿಸು ಎಂಬುದು ನಮ್ಮ ವೃತ್ತಿಯ ಹಳೆಯ ಹುಂಬತನ. ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು, ದೊಡ್ಡ ರಕ್ತನಾಳಕ್ಕೆ ಕ್ಯಾತಿಟರ್ ಎಂಬ ತೆಳು ಕೊಳವೆ ಹಾಕುವುದನ್ನು ರೆಸಿಡೆಂಟ್‌ಗಳು ಮೊದಲು ಬೊಂಬೆಯ ಮೇಲೆ, ಅಲ್ಟ್ರಾಸೌಂಡ್ ಹಿಡಿದು, ನಿಗದಿ ಮಾಡಿದ ಮಟ್ಟ ಮುಟ್ಟುವವರೆಗೂ ಅಭ್ಯಾಸ ಮಾಡಬೇಕೆಂದು ಕಡ್ಡಾಯ ಮಾಡಿದರು. 2009ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಐಸಿಯುನಲ್ಲಿ ಕ್ಯಾತಿಟರಿನಿಂದ ಬರುವ ರಕ್ತದ ಸೋಂಕು, 1000 ಕ್ಯಾತಿಟರ್-ದಿನಗಳಿಗೆ (ಒಬ್ಬ ರೋಗಿಯಲ್ಲಿ ಒಂದು ದಿನ ಕ್ಯಾತಿಟರ್ ಇದ್ದರೆ ಒಂದು ಕ್ಯಾತಿಟರ್-ದಿನ) 3.2 ಇದ್ದದ್ದು 0.5ಕ್ಕೆ ಇಳಿಯಿತು. ಹಣಕಾಸು ವಿಭಾಗದವರಿಗೆ ಈ ಒಂದು ವಾಕ್ಯವನ್ನು ತೋರಿಸಿ ಸಾಕು. ಬೊಂಬೆ ಅನೇಕ ಆಸ್ಪತ್ರೆಗಳಲ್ಲಿ ಈಗಾಗಲೇ ಇದೆ, ಬೀಗ ಹಾಕಿದ ಕೋಣೆಯಲ್ಲಿ. ಬೀಗದ ಕೈ ಇಟ್ಟುಕೊಂಡವರ ಡ್ಯೂಟಿ ಮುಗಿಯುವುದು ಸಂಜೆ 5ಕ್ಕೆ, ರೆಸಿಡೆಂಟಿಗೆ ಬಿಡುವು ಸಿಗುವುದು ಆಮೇಲೆ.

ಪಾಳಿ ಬದಲಾಗುವಾಗ ರೋಗಿಗಳ ಹೊಣೆಯನ್ನೂ ವಿವರವನ್ನೂ ಮುಂದಿನವರಿಗೆ ಒಪ್ಪಿಸುವ ಹ್ಯಾಂಡೋವರ್ ಕೂಡ ಕಲಿಸಬೇಕಾದ ವಿದ್ಯೆಯೇ. ಗಂಟೆಗಳು ಕಡಿಮೆಯಾದಷ್ಟೂ ಕೈ ಬದಲಾವಣೆ ಹೆಚ್ಚು. ಮಕ್ಕಳ ವಿಭಾಗದ ಒಂಬತ್ತು ರೆಸಿಡೆನ್ಸಿ ಕಾರ್ಯಕ್ರಮಗಳಲ್ಲಿ ಐ-ಪಾಸ್ ಎಂಬ ಕ್ರಮಬದ್ಧ ಹ್ಯಾಂಡೋವರ್ ಕಲಿಸಿದಾಗ ವೈದ್ಯಕೀಯ ತಪ್ಪುಗಳು ಶೇ 23ರಷ್ಟು, ತಡೆಯಬಹುದಾಗಿದ್ದ ಅನಾಹುತಗಳು ಶೇ 30ರಷ್ಟು ಕಡಿಮೆಯಾದವು ಎಂದು 2014ರ ವರದಿ ಹೇಳುತ್ತದೆ. ಹ್ಯಾಂಡೋವರ್‌ಗೆ ಹಿಡಿಯುವ ಸಮಯ ಹೆಚ್ಚಾಗಲಿಲ್ಲ. ಅಲ್ಲಿ ಬರೀ ಚೀಟಿಯ ನಮೂನೆ ಹಂಚಿ ಕೈತೊಳೆದುಕೊಳ್ಳಲಿಲ್ಲ ಎಂಬುದನ್ನು ಗಮನಿಸಿ. ಕಾರ್ಯಾಗಾರ ಮಾಡಿದರು, ಹಿರಿಯರು ಎದುರಿಗೆ ನಿಂತು ನೋಡಿ ತಿದ್ದಿದರು. ನಮ್ಮಲ್ಲಿ ಸಾಮಾನ್ಯವಾಗಿ ತಲುಪುವುದು ನಮೂನೆ ಮಾತ್ರ.

ರಾತ್ರಿಯನ್ನಂತೂ ಯಾರೂ ಪಾಠದ ಹೊತ್ತು ಎಂದು ಎಣಿಸುವುದೇ ಇಲ್ಲ. ಆಡಳಿತದ ಫೋನುಗಳಿಲ್ಲ, ಸಭೆಗಳಿಲ್ಲ. ಬೆಳಗಿನ ಜಾವ ಮೂರಕ್ಕೆ ರಕ್ತದೊತ್ತಡ ಬಿದ್ದ ರೋಗಿಯ ಎದುರು ರೆಸಿಡೆಂಟ್ ಒಬ್ಬಳೇ ನಿಂತಿರುತ್ತಾಳೆ. ಅವಳು ನಿಜಕ್ಕೂ ಯೋಚಿಸುವುದು ಆ ಹೊತ್ತಿನಲ್ಲೇ. ರಾತ್ರಿ ಪಾಳಿಯ ಹಾಸ್ಪಿಟಲಿಸ್ಟ್ ಆಸ್ಪತ್ರೆಯಲ್ಲೇ ಇರುವ ಕಡೆ, ಅವರ ಕೆಲಸದ ವಿವರಣೆಯಲ್ಲಿ ರೋಗಿಗಳ ಜತೆಗೆ ಕಿರಿಯರನ್ನೂ ಸೇರಿಸಿ. "ಕರೆಯಬೇಕೆನಿಸಿದರೆ ಕರೆ" ಎಂದು ಹೇಳುವುದಕ್ಕಿಂತ, ಇಂತಿಂಥ ಸಂದರ್ಭಗಳಲ್ಲಿ ಕರೆಯಲೇಬೇಕು ಎಂಬ ಪಟ್ಟಿ ಇದ್ದರೆ ಅವಳ ಸಂಕೋಚ ಅರ್ಧ ಇಳಿಯುತ್ತದೆ.

ಇಷ್ಟಕ್ಕೆಲ್ಲ ದುಡ್ಡೆಲ್ಲಿ ಎನ್ನುತ್ತೀರಿ, ಗೊತ್ತು. ನಮ್ಮ ದುಡಿಮೆಯನ್ನು ಅಳೆಯುವ ಪದ್ಧತಿಯಲ್ಲೇ ತೊಡಕಿದೆ. ಎಷ್ಟು ರೋಗಿಗಳನ್ನು ನೋಡಿದೆ ಎಂಬುದಕ್ಕೆ ಅಂಕ ಇದೆ. ಸಂಶೋಧನಾ ಪ್ರಬಂಧಕ್ಕೆ ಬಡ್ತಿ ಇದೆ. ಕುತ್ತಿಗೆಯ ನಾಳ ತೋರಿಸಿದ್ದಕ್ಕೆ ವರ್ಷಕ್ಕೊಮ್ಮೆ "ಉತ್ತಮ ಶಿಕ್ಷಕಿ" ಎಂಬ ಪ್ರಮಾಣಪತ್ರ, ಜತೆಗೊಂದು ಫೋಟೋ. ನನ್ನ ಬಳಿಯೂ ಅಂಥದ್ದೊಂದಿದೆ. ಗೌರವಕ್ಕೆ ಕೃತಜ್ಞಳು, ಆದರೆ ಅದರ ಬದಲು ವಾರಕ್ಕೆ ನಾಲ್ಕು ಗಂಟೆ ಕೊಟ್ಟಿದ್ದರೆ ಇನ್ನೂ ಹೆಚ್ಚು ಕೃತಜ್ಞಳಾಗಿರುತ್ತಿದ್ದೆ.

ಹಾಗಾಗಿ ನೇರವಾಗಿ ಕೇಳುತ್ತೇನೆ. ಬೋಧನಾ ತಂಡಕ್ಕೆ ರೋಗಿಗಳ ಸಂಖ್ಯೆಯ ಮಿತಿ ಹಾಕಿ, ಹಾಸಿಗೆ ತುಂಬಿದ ದಿನ ಮೊದಲು ಮುರಿಯುವ ನಿಯಮ ಅದೇ ಆಗದಂತೆ ನೋಡಿಕೊಳ್ಳಿ. ಡಿಸ್ಚಾರ್ಜ್ ಚೀಟಿ, ಔಷಧಿ ಪಟ್ಟಿ, ಅಪಾಯಿಂಟ್‌ಮೆಂಟುಗಳಿಗೆ ರೆಸಿಡೆಂಟಲ್ಲದ ಸಿಬ್ಬಂದಿ ಕೊಡಿ. ಬೆಳಿಗ್ಗೆಯ ರೌಂಡ್ಸ್ ಕುಗ್ಗಲು ಮುಖ್ಯ ಕಾರಣ ಆ ಕಾಗದಪತ್ರ. ಬೋಧನೆಯನ್ನೇ ತಮ್ಮ ದಾರಿಯಾಗಿ ಆರಿಸಿಕೊಂಡವರಿಗೆ ಬಡ್ತಿಯ ಪ್ರತ್ಯೇಕ ಏಣಿ ಇರಲಿ. ಅವರು ರೂಪಿಸಿದ ಪಠ್ಯಕ್ರಮ, ಅವರನ್ನು ನೋಡಿ ಸಹೋದ್ಯೋಗಿಗಳು ಬರೆದ ವರದಿ, ಅವರ ಕೈಕೆಳಗೆ ಕಲಿತವರ ಮಾತು ಇವೆಲ್ಲ ಅಲ್ಲಿ ಲೆಕ್ಕಕ್ಕೆ ಬರಲಿ. ವೈದ್ಯಶಿಕ್ಷಣದಲ್ಲಿ ಹೆಚ್ಚಿನ ತರಬೇತಿ ಪಡೆಯಲು ಹೊರಟವರಿಗೆ ರಜೆ ಕೊಡುವಾಗ, ಅದನ್ನು ವಿಹಾರಕ್ಕೆ ಹೊರಟವರಿಗೆ ಕೊಡುವ ರಜೆಯ ಖಾತೆಯಲ್ಲಿ ಬರೆಯಬೇಡಿ.

ಎಲ್ಲವೂ ಒಟ್ಟಿಗೆ ಆಗುವುದಿಲ್ಲ ಎಂದಾದರೆ ಒಂದನ್ನಾದರೂ ಮಾಡಿ. ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಸಿದ್ಧವಾಗುವಾಗ, ಪ್ರತಿ ಬೋಧನಾ ತಂಡದ ಹೆಸರಿನ ಎದುರು ದಿನಕ್ಕೆ ಒಂದು ಗಂಟೆಯನ್ನು ಹಾಸಿಗೆ ಬದಿಯ ಪಾಠಕ್ಕೆಂದು ಬರೆಯಿಸಿ. ಆ ಗಂಟೆಯಲ್ಲಿ ಬರುವ ಹೊಸ ದಾಖಲಾತಿಗಳನ್ನು ಯಾರು ನೋಡಿಕೊಳ್ಳಬೇಕೆಂದು ಅದರ ಪಕ್ಕದಲ್ಲೇ ಹೆಸರು ಹಾಕಿಸಿ, ಆ ಹೆಸರು ಬೋಧನಾ ತಂಡದವರದ್ದಾಗಿರದಂತೆ ನೋಡಿಕೊಳ್ಳಿ. ಮೂರು ತಿಂಗಳು ನಡೆಸಿ, ರೆಸಿಡೆಂಟ್‌ಗಳನ್ನೂ ನರ್ಸ್‌ಗಳನ್ನೂ ರೋಗಿಗಳನ್ನೂ ಕೇಳಿ. ಅವರು ಹೇಳಿದ್ದನ್ನು, ನಮಗೆ ಅನುಕೂಲವಾಗಿರಲಿ ಬಿಡಲಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮೆಡಿಸಿನ್ ವಾರ್ಡಿನ ಒಬ್ಬ ವೈದ್ಯೆ